ಹಳೆಯ ಸೈಕಲ್‌ಗೆ ಹೊಸ ಬಣ್ಣ

ಅಣ್ಣ ತುಳಿದ ಸೈಕಲ್ ತಂಗಿಗೆ ಬರುವುದು ಅನೇಕ ಮನೆಗಳಲ್ಲಿ ನಡೆದು ಬಂದ ಪದ್ಧತಿ. ಆದರೆ ತುಕ್ಕು ಹಿಡಿದು ಬಣ್ಣ ಎದ್ದ ಸೈಕಲ್ಲನ್ನು ಶಾಲೆಗೆ ಒಯ್ಯಲು ಮಕ್ಕಳು ಹಿಂಜರಿಯುತ್ತಾರೆ. ರಜೆಯ ನಾಲ್ಕೈದು ದಿನಗಳಿದ್ದರೆ ಅದಕ್ಕೆ ಮನೆಯಲ್ಲೇ ಬಣ್ಣ ಬಳಿಯಬಹುದು. ಜೊತೆಗೆ ಒಂದಿಷ್ಟು ರಸಾಯನಶಾಸ್ತ್ರದ ಪಾಠವೂ ಆಗುತ್ತದೆ.

ಕಬ್ಬಿಣ, ಆಮ್ಲಜನಕ, ನೀರು ಸೇರಿದಾಗ ತುಕ್ಕು ಹುಟ್ಟುತ್ತದೆ. ಬಣ್ಣ ಬರೀ ಅಲಂಕಾರವಲ್ಲ. ಉಕ್ಕಿಗೆ ಗಾಳಿ, ನೀರು ತಾಗದಂತೆ ತಡೆಯುವ ಹೊದಿಕೆ. ತುಕ್ಕಿನ ಮೇಲೆಯೇ ಬಳಿದರೆ ಆ ಸಡಿಲ ಪದರದ ಜೊತೆ ಬಣ್ಣವೂ ಕಳಚಿ ಬೀಳುತ್ತದೆ.

ಮೊದಲು ಚಕ್ರ, ಚೈನು, ಬ್ರೇಕು, ಸೀಟು, ಹ್ಯಾಂಡಲ್ ಬಿಚ್ಚಿ, ಬೇರಿಂಗ್ ಕೂರುವ ಜಾಗಗಳಿಗೆ ಟೇಪು ಸುತ್ತಬೇಕು. ಗ್ರೀಸನ್ನು ಟರ್ಪೆಂಟೈನ್ ಬಟ್ಟೆಯಿಂದ ಒರೆಸಿ ಸೋಪುನೀರಿನಲ್ಲಿ ತೊಳೆಯಬೇಕು. ಆಮೇಲೆ ವಾಟರ್ ಪೇಪರಿನಿಂದ, 120ನೇ ನಂಬರಿನಿಂದ ಶುರುಮಾಡಿ 400ರವರೆಗೆ, ಒದ್ದೆ ಮಾಡಿಯೇ ಉಜ್ಜಬೇಕು.

ಒದ್ದೆ ಏಕೆ? ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಗೃಹಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಒಣ ಧೂಳು ಉಸಿರಿನ ಮೂಲಕ, ಕೈಯ ಮೂಲಕ ದೇಹ ಸೇರಿ ಮಕ್ಕಳ ಮಿದುಳಿನ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ. ಹಳೆಯ ಸೈಕಲ್ಲಾದರೆ ಉಜ್ಜುವ ಕೆಲಸವನ್ನು ದೊಡ್ಡವರೇ ಮಾಸ್ಕ್ ಹಾಕಿಕೊಂಡು ಮಾಡುವುದು ಲೇಸು. ಪುಟ್ಟ ಮಕ್ಕಳು, ಗರ್ಭಿಣಿಯರು ದೂರವಿರಬೇಕು.

ಬಣ್ಣ ಹೋದ ಮೇಲೆ ಕೊಳವೆಗಳು ಕೂಡುವ ಬೆಸುಗೆಗಳನ್ನು ಬೆಳಕಿನಲ್ಲಿ ನೋಡಬೇಕು. ಕೂದಲೆಳೆಯಷ್ಟು ಬಿರುಕು ಕಂಡರೂ ಕೆಲಸ ನಿಲ್ಲಿಸಿ ಮೆಕ್ಯಾನಿಕ್‌ಗೆ ತೋರಿಸಬೇಕು. ಬಣ್ಣ ಬಿರುಕನ್ನು ಮುಚ್ಚುತ್ತದೆ, ಬೆಸೆಯುವುದಿಲ್ಲ.

ಚೆನ್ನಾಗಿ ಒಣಗಿದ ಫ್ರೇಮಿಗೆ ರೆಡ್ ಆಕ್ಸೈಡ್ ಪ್ರೈಮರ್ ಒಂದು ತೆಳು ಕೋಟು. ಒಂದು ದಿನ ಬಿಟ್ಟು ಹಗುರವಾಗಿ ಉಜ್ಜಿ, ಎನಾಮಲ್ ಬಣ್ಣದ ಎರಡು ತೆಳು ಕೋಟು. ನಡುವೆ ಮತ್ತೊಂದು ದಿನದ ಬಿಡುವು. ಒಂದೇ ಸಲ ದಪ್ಪಗೆ ಬಳಿದರೆ ಮೇಲೆ ಕೆನೆ ಕಟ್ಟಿ ಒಳಗೆ ಹಸಿಯೇ ಉಳಿಯುತ್ತದೆ. ಗಾಳಿಯಾಡುವ ನೆರಳು ಇದಕ್ಕೆ ತಕ್ಕ ಜಾಗ. ಟರ್ಪೆಂಟೈನ್ ಆವಿಗೆ ಬೆಂಕಿ ಹತ್ತುವುದರಿಂದ ಅಡುಗೆಮನೆಯ ಹತ್ತಿರ ಬೇಡ.

ಬ್ರೇಕ್ ಹಿಡಿಯುವ ರಿಮ್ಮಿಗೆ, ಹಿಂಬದಿಯ ಕೆಂಪು ರಿಫ್ಲೆಕ್ಟರಿಗೆ ಬಣ್ಣ ತಾಗಬಾರದು. ಫ್ರೇಮಿನ ಮೇಲೆ ಒತ್ತಿದ ನಂಬರು, ಸಾಮಾನ್ಯವಾಗಿ ಪೆಡಲ್ ಕೂರುವ ಭಾಗದ ಕೆಳಗೆ ಇರುವುದು, ಬಣ್ಣದಲ್ಲಿ ಹೂತುಹೋಗುವ ಮೊದಲೇ ಬರೆದಿಟ್ಟುಕೊಳ್ಳಬೇಕು. ಸೈಕಲ್ ಕಳುವಾದರೆ ಪೊಲೀಸರಿಗೆ ದೂರು ಕೊಡಲು ಅದು ಬೇಕಾಗುತ್ತದೆ.

ಬಣ್ಣ ಗಟ್ಟಿಯಾಗಲು ಇನ್ನೂ ಕೆಲವು ದಿನ ಬೇಕು. ಜೋಡಿಸಿದ ಮೇಲೆ ಬ್ರೇಕು, ಚಕ್ರದ ನಟ್ಟುಗಳನ್ನು ದೊಡ್ಡವರು ಪರೀಕ್ಷಿಸಿದ ನಂತರವೇ ಸೈಕಲ್ ರಸ್ತೆಗೆ ಇಳಿಯಲಿ.