ಬ್ಯಾಟರಿ ಜೋಡಿಸುವ ವಿದ್ಯೆ

ಮೋಟಾರ್ ಸೈಕಲ್ಲಿನ ಬ್ಯಾಟರಿಯ ಮಾತನ್ನು ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬರೆಯುವುದುಂಟೆ ಎಂದು ಸಹಪಾಠಿ ಮಿತ್ರರು ನಗಬಹುದು. ನಗಲಿ. ಕಳೆದ ಮುಂಗಾರಿನಲ್ಲಿ ನಮ್ಮ ಹೊಲದ ಬಿತ್ತಿಗೆ ಒಂದು ದಿನ ತಡವಾದದ್ದು ನನಗೆ ಈ ವಿದ್ಯೆ ಬಾರದ್ದರಿಂದ. ಆದುದರಿಂದಲೇ ಬರೆಯುತ್ತಿದ್ದೇನೆ.

ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯ ಹಳ್ಳಿಗಳಲ್ಲಿ ಹಿಂಗಾರಿ ಸುಗ್ಗಿ ಮುಗಿದೊಡನೆ ಎಷ್ಟೋ ಮನೆಗಳಿಗೆ ಬೀಗ ಬೀಳುವುದನ್ನು ವಾಚಕರು ಬಲ್ಲರು. ಜನ ಗೋವೆಗೋ ಮಂಗಳೂರಿಗೋ ಬೆಂಗಳೂರಿಗೋ ದುಡಿಯಲು ಹೋಗುತ್ತಾರೆ. ಗಾಡಿ ಪಡಸಾಲೆಯಲ್ಲಿ ನಿಲ್ಲುತ್ತದೆ. ಹಿಮ ಬೀಳುವ ದೇಶಗಳಲ್ಲಿ ಗಾಡಿಯನ್ನು ಚಳಿಗಾಲದಲ್ಲಿ ಕಟ್ಟಿಡುವರಂತೆ. ನಮ್ಮದು ಬೇಸಿಗೆಯಲ್ಲಿ ನಿಲ್ಲುವ ಗಾಡಿ, ಮತ್ತು ಇದೇ ಹೆಚ್ಚು ಕೇಡಿನದು. ಬ್ಯಾಟರಿ ಸುಮ್ಮನೆ ಇಟ್ಟರೂ ತಾನಾಗಿ ಇಳಿಯುತ್ತದೆ, ಸೆಕೆಯಲ್ಲಿ ಇನ್ನೂ ಬೇಗ. ಇಳಿದದ್ದನ್ನು ಹಾಗೆಯೇ ತಿಂಗಳುಗಟ್ಟಲೆ ಬಿಟ್ಟರೆ ಒಳಗಿನ ಸೀಸದ ಫಲಕಗಳ ಮೇಲೆ ಸಲ್ಫೇಟು ಗಟ್ಟಿಯಾಗಿ ಕೂತು, ಮುಂದೆ ಅದು ಚಾರ್ಜು ಹಿಡಿಯದು. ನಡುನಡುವೆ ಒಮ್ಮೆ ಚಾರ್ಜು ಮಾಡಿಸಿದ್ದರೆ ಸಾಕು. ಆದರೆ ಬೀಗ ಹಾಕಿದ ಮನೆಯಲ್ಲಿ ಮಾಡಿಸುವವರಾರು?

ಹಿಂದಿನ ಗಾಡಿಗಳಾದರೆ ಬ್ಯಾಟರಿ ಸತ್ತರೂ ಕಿಕ್ ಹೊಡೆದು ಎಬ್ಬಿಸಬಹುದಿತ್ತು. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ಅನೇಕ ಗಾಡಿಗಳಲ್ಲಿ ಪೆಟ್ರೋಲನ್ನು ಸಿಂಪಡಿಸುವ ಕೆಲಸವೂ ವಿದ್ಯುತ್ತಿನದೇ. ಹಲವಕ್ಕೆ ಕಿಕ್ಕೇ ಇಲ್ಲ. ನಮ್ಮ ಗಾಡಿಯೂ ಅಂಥದೇ.

ಅಣ್ಣ ಗೋವೆಗೆ ಹೋಗುವಾಗ ಬ್ಯಾಟರಿ ಬಿಚ್ಚಿ, ಅರಿವೆ ಸುತ್ತಿ ಮಾಡದಲ್ಲಿ ಇಟ್ಟಿದ್ದ. ಜೂನಿನಲ್ಲಿ ಹದವಾದ ಮಳೆಯಾಯಿತು. ಅಪ್ಪ ಹೆಸರಿನ ಬೀಜಕ್ಕೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಬೇಕು. ನಾನು ಬ್ಯಾಟರಿಯನ್ನು ಮುಂಡರಗಿಗೆ ಒಯ್ದು ರಾತ್ರಿಯಿಡೀ ಚಾರ್ಜು ಮಾಡಿಸಿ ತಂದೆ. ಅವ್ವ ಅಂದಳು, "ಕಲತಾಂವ ಅದೀಯಲ್ಲಪಾ, ನೀನ ಹಚ್ಚು."

ಹಚ್ಚಿದೆ. ಮೊದಲು ಕಪ್ಪು ತಂತಿ, ಅನಂತರ ಕೆಂಪು. ಕೆಂಪನ್ನು ಬಿಗಿಮಾಡುವಾಗ ಪಾನಾದ ಇನ್ನೊಂದು ತುದಿ ಗಾಡಿಯ ಕಬ್ಬಿಣಕ್ಕೆ ತಾಗಿತು. ಕಣ್ಣು ಕುಕ್ಕುವಂಥ ಕಿಡಿ ಹಾರಿತು, ಅಂಗೈ ಸುಟ್ಟಿತು, ಬ್ಯಾಟರಿಯ ಸೀಸದ ತುದಿ ಕರಗಿ ಸ್ಕ್ರೂ ಹಿಡಿಯದಂತಾಯಿತು. ಅಪ್ಪ ಒಂದು ಮಾತೂ ಆಡದೆ ಬಸ್ಸಿಗೆ ನಡೆದ. ಬೈದಿದ್ದರೆ ಹಗುರಾಗುತ್ತಿತ್ತು.

ಆ ರಾತ್ರಿ ಅಣ್ಣ ಫೋನಿನಲ್ಲಿ ಕೇಳಿದ್ದು ಒಂದೇ: "ತಮ್ಮಾ, ಕೆಂಪು ಮೊದಲ ಹಚ್ಚಿದ್ದಿಲ್ಲೇನು?" ಹಚ್ಚುವಾಗ ಕೆಂಪು ಮೊದಲು, ಬಿಚ್ಚುವಾಗ ಕಪ್ಪು ಮೊದಲು, ಇದು ಅವನಿಗೆ ಗೊತ್ತು. ಏಕೆಂದು ಕೇಳಿದರೆ, "ಹಂಗ ಮಾಡೂದು" ಎಂದ. ಏಕೆಂಬುದು ನನ್ನ ಹತ್ತನೆಯ ಇಯತ್ತೆಯ ಪುಸ್ತಕದಲ್ಲಿತ್ತು. ಬ್ಯಾಟರಿಯ ಋಣ ತುದಿ ಗಾಡಿಯ ಚೌಕಟ್ಟಿಗೆ ಸೇರಿರುತ್ತದೆ. ಆದ್ದರಿಂದ ಕಪ್ಪು ಹಚ್ಚಿದ ಕೂಡಲೆ ಇಡೀ ಗಾಡಿಯ ಕಬ್ಬಿಣವೇ ಋಣ ತುದಿಯಾಗುತ್ತದೆ. ಅದು ಬಿಚ್ಚಿದ್ದಾಗ ಪಾನಾ ಎಲ್ಲಿ ತಾಗಿದರೂ ಮಂಡಲ ಪೂರ್ತಿಯಾಗದು, ಕಿಡಿ ಹಾರದು. ಫ್ಯೂಸು ಕಾಯಬಾರದಿತ್ತೆ ಎಂದರೆ, ಪಾನಾದ ಮೂಲಕ ಹರಿದ ವಿದ್ಯುತ್ತು ಫ್ಯೂಸಿನ ದಾರಿಗೇ ಬರುವುದಿಲ್ಲ. ವಿದ್ಯುನ್ಮಂಡಲದ ಚಿತ್ರ ಬರೆದು ನಾನು ಪೂರ್ಣ ಅಂಕ ಪಡೆದವನು! ಪೆನ್ಸಿಲ್ಲಿನ ಗೆರೆಗಳಲ್ಲದೆ ಒಂದು ತಂತಿಯನ್ನೂ ಮುಟ್ಟಿರಲಿಲ್ಲ.

"ಬಿ.ಎ. ಓದಿ ಏನು ಬಂತು" ಎಂದು ಓಣಿಯಲ್ಲಿ ನಕ್ಕವರ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಮನೆತನದಲ್ಲಿ ಪದವಿಯ ಹೊಸ್ತಿಲಿಗೆ ಬಂದವನು ನಾನೇ ಮೊದಲಿಗ. ಅಣ್ಣನ ಗೋವೆಯ ಕೂಲಿಯಿಂದ ಓದುತ್ತಿರುವವನು ಓದನ್ನು ಹಳಿಯಲಾರ. ಆದರೆ ಗಾಡಿಯೊಡನೆ ಬಂದ ಕೈಪಿಡಿ ಇಂಗ್ಲಿಷಿನಲ್ಲಿದೆ, ಅಣ್ಣನಿಗೆ ಅದು ಓದಲು ಬಾರದು. ನನಗೆ ಬರುತ್ತದೆ, ನಾನು ತೆರೆದು ನೋಡಲಿಲ್ಲ. ಇದನ್ನು ನಾಚಿಕೆಗೇಡೆಂದೇ ಹೇಳುತ್ತೇನೆ.

ಎನ್.ಎಸ್.ಎಸ್. ಶಿಬಿರಕ್ಕೆ ಹಳ್ಳಿಗೆ ಹೋದಾಗ ನಾವು ಗುಡಿಯ ಅಂಗಳ ಗುಡಿಸಿ, ಭಾಷಣ ಕೇಳಿ ಬರುತ್ತೇವೆ. ಅದರೊಳಗೆ ಎರಡು ತಾಸು ಇದಕ್ಕೆ ಮೀಸಲಿಟ್ಟರೆ ತಪ್ಪೇನು? ಬೆಟಗೇರಿಯ ಗ್ಯಾರೇಜಿನ ಮಿಸ್ತ್ರಿಯೊಬ್ಬರನ್ನು ಕರೆದೊಯ್ಯೋಣ, ಅವರು ತೋರಿಸಲಿ. ಕಲಾ ವಿಭಾಗದ ನಾವು ಅದನ್ನು ಕನ್ನಡದಲ್ಲಿ ಒಂದು ಹಾಳೆಗೆ ಇಳಿಸೋಣ. ತುದಿಗಳ ಮೇಲೆ ಬಿಳಿ ಹುಡಿ ಕೂತಿದ್ದರೆ ಅಡುಗೆ ಸೋಡಾದ ನೀರಿನಿಂದ ಒರೆಸಿ ಒಣಗಿಸುವುದು. ನೀರು ಹಾಕುವ ಬ್ಯಾಟರಿಗೆ ಬೋರಿನ ನೀರಲ್ಲ, ಬಟ್ಟಿಯಿಳಿಸಿದ ನೀರನ್ನೇ ಹಾಕುವುದು, ಮುಚ್ಚಿ ಬಂದ ಬ್ಯಾಟರಿಯನ್ನು ತೆರೆಯದಿರುವುದು. ಚಾರ್ಜು ಮಾಡುವಲ್ಲಿ ಬೀಡಿ ಹಚ್ಚದಿರುವುದು, ಅಲ್ಲಿ ಜಲಜನಕ ಹೊಮ್ಮುತ್ತದೆ. ಇಷ್ಟು ಬರೆಯಲು ಬಿ.ಎ. ಬೇಕಿಲ್ಲ, ನಿಜ. ಆದರೂ ಯಾರೂ ಬರೆದು ಹಂಚಿದ್ದನ್ನು ನಮ್ಮೂರಲ್ಲಿ ನಾನು ಕಂಡಿಲ್ಲ.

ಹೊಸ ಬ್ಯಾಟರಿಗೆ ಅಣ್ಣ ಹಣ ಕಳಿಸಿದ. ಅದನ್ನು ನಾನೇ ಜೋಡಿಸಿದೆ, ಕೆಂಪು ಮೊದಲು. ಪಾನಾದ ಹಿಡಿಗೆ ಸೈಕಲ್ಲಿನ ಹಳೆಯ ಟ್ಯೂಬು ಸುತ್ತಿಕೊಂಡಿದ್ದೆ. ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ.