ಹಳೇ ಬಂದರುಗಳು, ಭಾಗ 4: ವಿಟ್ಬಿ ಬರೀ ಡ್ರಾಕುಲಾ ಊರಲ್ಲ

ವಿಟ್ಬಿ ಅಂತ ಇಲ್ಲಿ ಹುಡುಕಿ ನೋಡಿ. ಹೆಚ್ಚುಕಮ್ಮಿ ಎಲ್ಲಾ ಫೋಟೋನೂ ಒಂದೇ ಥರ: ಗುಡ್ಡದ ಮೇಲೆ ಪಾಳುಬಿದ್ದ ಕ್ರೈಸ್ತ ಮಠ, ಕಪ್ಪು ಮೋಡ, ಕೆಳಗೊಂದು ಬಾವಲಿ ಎಮೋಜಿ. ಬ್ರ್ಯಾಮ್ ಸ್ಟೋಕರ್ 1890ರಲ್ಲಿ ಇಲ್ಲಿ ಉಳಿದಿದ್ದ, 'ಡ್ರಾಕುಲಾ' ಅನ್ನೋ ಹೆಸರು ಸಿಕ್ಕಿದ್ದು ಈ ಊರಿನ ಲೈಬ್ರರಿಯ ಒಂದು ಪುಸ್ತಕದಲ್ಲಿ. ಅದೆಲ್ಲ ನಿಜ. ಆದ್ರೆ ಈ ಊರಿನ ಚಂದ ಇರೋದು ದೆವ್ವದ ಕಥೆಯಲ್ಲಲ್ಲ, ಅಲ್ಲಿ ದುಡಿದು ಬದುಕಿದವರಲ್ಲಿ ಅಂತ ನನ್ನ ವಾದ.

ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್ ಕರಾವಳಿಯ ಪುಟ್ಟ ಬಂದರು ಇದು. ಹಿಲ್ಡ್ ಅನ್ನೋ ಹೆಣ್ಣುಮಗಳು 657ರಲ್ಲಿ ಇಲ್ಲಿ ಮಠ ಕಟ್ಟಿ ನಡೆಸಿದಳು. ಜೇಮ್ಸ್ ಕುಕ್ ಹಡಗಿನ ಕೆಲಸ ಕಲಿತದ್ದು ಇಲ್ಲೇ. ಅವನು ಆಸ್ಟ್ರೇಲಿಯಾವರೆಗೂ ಹೋದ 'ಎಂಡೆವರ್' ಏನು ರಾಜವೈಭವದ ಹಡಗಲ್ಲ ರೀ, 1764ರಲ್ಲಿ ವಿಟ್ಬಿಯವರು ಕಲ್ಲಿದ್ದಲು ಸಾಗಿಸೋಕೆ ಕಟ್ಟಿದ ಗಟ್ಟಿಮುಟ್ಟು ಹಡಗು! ಆಮೇಲೆ ತಿಮಿಂಗಿಲ ಬೇಟೆ, ಹೆರ್ರಿಂಗ್ ಮೀನು. 1861ರಲ್ಲಿ ಗಂಡ ತೀರಿಕೊಂಡ ಮೇಲೆ ವಿಕ್ಟೋರಿಯಾ ರಾಣಿ ಕಪ್ಪು ಒಡವೆ ತೊಟ್ಟಳು. ಅದನ್ನ ನೋಡಿ ಇಲ್ಲಿನ 'ಜೆಟ್' ಕಲ್ಲಿಗೆ ಎಲ್ಲಿಲ್ಲದ ಬೇಡಿಕೆ. (ಜೆಟ್ ಅಂದ್ರೆ ಅಸಲಿಗೆ ಕಲ್ಲೇ ಅಲ್ಲ, ಕೋಟ್ಯಂತರ ವರ್ಷ ಹಳೇ ಮರ!)

ಈಗ ಸ್ವೈಪ್ ಮಾಡಿ. ಎರಡನೇ ಫೋಟೋ ಫ್ರಾಂಕ್ ಮೆಡೋ ಸಟ್‌ಕ್ಲಿಫ್ ತೆಗೆದದ್ದು, 19ನೇ ಶತಮಾನದ ಕೊನೆಯದು. ಅವನ ಹೊಟ್ಟೆಪಾಡು ಪ್ರವಾಸಿಗಳ ಭಾವಚಿತ್ರದಿಂದ ನಡೀತಿತ್ತು, ಮನಸ್ಸು ಮಾತ್ರ ಬೆಸ್ತರ ಹತ್ರ. ಮಠ ಅವನಿಗೂ ಕಾಣ್ತಿತ್ತು. ಆದ್ರೂ ಅವನು ಹೆಸರು ಮಾಡಿದ್ದು ಬುಟ್ಟಿ ಹೊತ್ತ ಹೆಂಗಸರು, ದಡದಲ್ಲಿ ಆಡೋ ಹುಡುಗರ ಫೋಟೋಗಳಿಂದ.

ಆ ಬೆಸ್ತರ ಮನೆಗಳಲ್ಲಿ ಎಷ್ಟೋ ಈಗ ರಜೆಗೆ ಬಾಡಿಗೆಗೆ ಸಿಗೋ ಕಾಟೇಜುಗಳು. ಅಲ್ಲೇ ಹುಟ್ಟಿ ಬೆಳೆದ ಹುಡುಗರಿಗೆ ಮನೆ ಕೊಳ್ಳೋ ಮಾತು ಹಾಗಿರಲಿ, ಬಾಡಿಗೆಗೂ ಪರದಾಟ. 2022ರ ಜೂನ್‌ನಲ್ಲಿ ಊರವರು ಮತ ಹಾಕಿದ್ರು: ಹೊಸದಾಗಿ ಕಟ್ಟೋ ಮನೆಗಳು ವರ್ಷಪೂರ್ತಿ ವಾಸ ಮಾಡೋರಿಗೇ ಸಿಗಲಿ ಅಂತ. ಮತ ಹಾಕಿದವರಲ್ಲಿ ಶೇ. 90ಕ್ಕೂ ಹೆಚ್ಚು ಜನ ಹೂಂ ಅಂದ್ರು. ಆದ್ರೆ ಆ ಮತಕ್ಕೆ ಕಾನೂನಿನ ಬಲ ಇಲ್ಲ.

ಪ್ರವಾಸಿಗಳು ಬೇಡ ಅಂತಿಲ್ಲ ನಾನು, ಸಟ್‌ಕ್ಲಿಫ್ ಮನೇಲಿ ಒಲೆ ಉರಿದದ್ದೂ ಅವರ ದುಡ್ಡಿಂದಲೇ. ಆದ್ರೆ ಅವತ್ತಿನ ಪ್ರವಾಸಿ ಬಂದಾಗ ಊರಲ್ಲಿ ಊರಿನವರು ಇದ್ರು. ಇವತ್ತು ಸಟ್‌ಕ್ಲಿಫ್ ಅದೇ ಗಲ್ಲಿಯಲ್ಲಿ ಕ್ಯಾಮೆರಾ ಇಟ್ರೆ, ಬಲೆ ಹೊಲಿಯೋರ ಬದಲು ಬಾಗಿಲ ಪಕ್ಕ ನಂಬರ್ ಒತ್ತಿ ತೆಗೆಯೋ ಕೀ ಡಬ್ಬಿ ಸಿಗುತ್ತೆ.

ಭಾಗ 5: ಸಮುದ್ರ ನುಂಗಿದ ಡನ್ವಿಚ್.