ಚರ್ಮದ ಮೇಲಿನ ಒತ್ತೆ

ಬರೆದ ಕರಾರಾಗಲಿ ನ್ಯಾಯಾಲಯವಾಗಲಿ ನೆರವಿಗೆ ಬಾರದ ಪಾತಕಿ ಕೂಟವೊಂದು ತನ್ನ ಸದಸ್ಯನ ನಿಷ್ಠೆಯನ್ನು ಖಚಿತಪಡಿಸಿಕೊಳ್ಳಬೇಕಾದರೆ, ಅವನು ಸುಲಭವಾಗಿ ಹಿಂಪಡೆಯಲಾಗದ ಏನನ್ನಾದರೂ ಒತ್ತೆಯಾಗಿ ಕೇಳಬೇಕಾಗುತ್ತದೆ. ಹಚ್ಚೆ ಅಂಥದೊಂದು ಒತ್ತೆ. ಹಣೆಯ ಮೇಲೆ ಗುಂಪಿನ ಹೆಸರನ್ನು ಚುಚ್ಚಿಸಿಕೊಂಡವನು ಅಂಗಡಿಯಲ್ಲೋ ಕಾರ್ಖಾನೆಯಲ್ಲೋ ಮುಂದೆ ಕೆಲಸ ಸಿಗಬಹುದಾದ ದಾರಿಯನ್ನು ತಾನೇ ಮುಚ್ಚಿಕೊಂಡಿರುತ್ತಾನೆ, ಮುಚ್ಚಿಕೊಂಡದ್ದರಿಂದಲೇ ಒಳಗಿನವರ ವಿಶ್ವಾಸಕ್ಕೆ ಪಾತ್ರನಾಗುತ್ತಾನೆ. ಯಾರ ಮುಂದೆಯೂ ಮಂಡಿಯೂರೆನೆಂದು ಸಾರುವ ಮೊಣಕಾಲಿನ ನಕ್ಷತ್ರವನ್ನು ಅರ್ಹತೆಯಿಲ್ಲದೆ ಹಾಕಿಸಿಕೊಂಡವನನ್ನು ಸೋವಿಯತ್ ಸೆರೆಮನೆಗಳಲ್ಲಿ ಸಹಕೈದಿಗಳೇ ಕ್ರೂರವಾಗಿ ದಂಡಿಸುತ್ತಿದ್ದುದು ಈ ವಿಶ್ವಾಸದ ರಕ್ಷಣೆಗಾಗಿಯೇ.

ಇಂಥ ಗುರುತನ್ನು ಸರ್ಕಾರವು ಅಪರಾಧದ ಸಾಕ್ಷ್ಯವೆಂದು ಓದಬಹುದೇ ಎಂಬ ಪ್ರಶ್ನೆಗೆ ಮಧ್ಯ ಅಮೆರಿಕದ ಎಲ್ ಸಾಲ್ವಡಾರ್‌ನ ಅನುಭವದಲ್ಲಿ ಉತ್ತರವಿದೆ. ಅಂತರ್ಯುದ್ಧದಿಂದ ತಪ್ಪಿಸಿಕೊಂಡು ಬಂದ ಕುಟುಂಬಗಳ ಹುಡುಗರು 1980ರ ದಶಕದಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕಟ್ಟಿಕೊಂಡ ಎಂಎಸ್-13 ಎಂಬ ಗುಂಪು, ಮುಂದಿನ ದಶಕದ ಗಡೀಪಾರುಗಳೊಂದಿಗೆ ತಾಯ್ನಾಡಿಗೆ ಬಂದಿತು. ಅದರ ಸದಸ್ಯರ ಎದೆ, ಬೆನ್ನು, ಮುಖಗಳ ಮೇಲೆ ಕಾಣುವ 13 ಎಂಬ ಅಂಕಿಯು ಇಂಗ್ಲಿಷ್ ವರ್ಣಮಾಲೆಯ ಹದಿಮೂರನೆಯ ಅಕ್ಷರವಾದ ‘ಎಂ’ ಅನ್ನು, ಆ ಮೂಲಕ ಕ್ಯಾಲಿಫೋರ್ನಿಯಾದ ಸೆರೆಮನೆಗಳಲ್ಲಿ ಪ್ರಬಲವಾಗಿರುವ ಮೆಕ್ಸಿಕನ್ ಮಾಫಿಯಾಕ್ಕೆ ತೋರುವ ನಿಷ್ಠೆಯನ್ನು ಸೂಚಿಸುತ್ತದೆ. ಎಲ್ ಸಾಲ್ವಡಾರ್‌ನ 2003ರ ಕಾನೂನೊಂದು ಇಂಥ ಹಚ್ಚೆಗಳನ್ನೇ ಸದಸ್ಯತ್ವದ ಲಕ್ಷಣವೆಂದು ಪರಿಗಣಿಸಿತು. ಮರುವರ್ಷ ದೇಶದ ಸರ್ವೋಚ್ಚ ನ್ಯಾಯಾಲಯ ಆ ಕಾನೂನನ್ನು ಅಸಾಂವಿಧಾನಿಕವೆಂದು ತಳ್ಳಿಹಾಕಿದರೂ, ಗುಂಪುಗಳು ಅಷ್ಟರಲ್ಲೇ ಪಾಠ ಕಲಿತು, ಹೊಸಬರು ಕಣ್ಣಿಗೆ ಬೀಳುವಂಥ ಹಚ್ಚೆ ಹಾಕಿಸಿಕೊಳ್ಳದಂತೆ ನೋಡಿಕೊಳ್ಳತೊಡಗಿದವು. ಇದರ ಪರಿಣಾಮ ಗಂಭೀರವಾದುದು: ಸಕ್ರಿಯ ಪಾತಕಿಯ ಮೈ ಬರಿದಾಗಿ, ಹತ್ತಿಪ್ಪತ್ತು ವರ್ಷಗಳ ಹಿಂದೆಯೇ ಗುಂಪನ್ನು ತೊರೆದವನ ಮೈಮೇಲೆ ಮಾತ್ರ ಗುರುತು ಉಳಿಯಿತು.

2022ರ ಮಾರ್ಚ್‌ನಲ್ಲಿ ಘೋಷಿತವಾದ ತುರ್ತು ಪರಿಸ್ಥಿತಿಯಡಿ ಅಲ್ಲಿ 80,000ಕ್ಕೂ ಹೆಚ್ಚು ಜನ ಬಂಧಿತರಾದರು. ಹತ್ಯೆಗಳು ತೀವ್ರವಾಗಿ ಇಳಿದವೆಂಬುದು ನಿಜ, ಸುಲಿಗೆಕೋರರ ಭಯದಲ್ಲೇ ಬದುಕಿದ್ದ ಬಡಾವಣೆಗಳ ನೆಮ್ಮದಿಯನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ 2025ರ ಮಾರ್ಚ್‌ನಲ್ಲಿ ಅಮೆರಿಕವು ಇನ್ನೂರಕ್ಕೂ ಹೆಚ್ಚು ವೆನಿಜುವೆಲಾದವರನ್ನು ಅದೇ ದೇಶದ ಬೃಹತ್ ಸೆರೆಮನೆಗೆ ಕಳುಹಿಸಿದಾಗ, ಅವರಲ್ಲಿ ಹಲವರ ವಿರುದ್ಧ ಹಚ್ಚೆಗಳನ್ನೇ ಆಧಾರವಾಗಿ ಮುಂದಿಟ್ಟಿತು. ಅವರು ಸೇರಿದ್ದಾರೆನ್ನಲಾದ ‘ಟ್ರೆನ್ ಡೆ ಅರಾಗುವಾ’ ಗುಂಪಿಗೆ ಹಚ್ಚೆಯ ಸಂಪ್ರದಾಯವೇ ಇಲ್ಲವೆಂದು ಅದನ್ನು ಬಲ್ಲ ತಜ್ಞರು ಹೇಳಿದ್ದರು. ಬಂಧಿತನೊಬ್ಬನ ಮಣಿಕಟ್ಟುಗಳ ಮೇಲಿದ್ದುದು ಕಿರೀಟಗಳ ಚಿತ್ರ, ಜೊತೆಗೆ ಅಪ್ಪ ಅಮ್ಮ ಎಂಬ ಪದಗಳು.

ಲಾಸ್ ಏಂಜಲೀಸ್‌ನಲ್ಲಿ ಪಾದ್ರಿ ಗ್ರೆಗ್ ಬಾಯ್ಲ್ ಸ್ಥಾಪಿಸಿದ ಹೋಮ್‌ಬಾಯ್ ಇಂಡಸ್ಟ್ರೀಸ್ ಸಂಸ್ಥೆ ಗುಂಪುಗಳ ಹಚ್ಚೆಗಳನ್ನು ಲೇಸರ್‌ನಿಂದ ಉಚಿತವಾಗಿ ಅಳಿಸಿಕೊಡುತ್ತದೆ. ನೋವಿನ ಈ ಚಿಕಿತ್ಸೆ ಹಲವು ಸರದಿಗಳಲ್ಲಿ, ತಿಂಗಳುಗಟ್ಟಲೆ ನಡೆಯುವುದರಿಂದ, ಗುಂಪನ್ನು ಬಿಟ್ಟವನ ಮೈಮೇಲೆ ಗುರುತು ಆ ಅವಧಿಯುದ್ದಕ್ಕೂ ಅರೆಬರೆಯಾಗಿ ಉಳಿದೇ ಇರುತ್ತದೆ. ಆದ್ದರಿಂದ ನ್ಯಾಯಾಲಯವು ಹಚ್ಚೆ ಯಾವ ವರ್ಷದ್ದು, ಯಾರ ಒತ್ತಾಯದಿಂದ ಬಂದದ್ದು, ಆಮೇಲೆ ಆತ ಮಾಡಿದ್ದೇನು ಎಂದು ವಿಚಾರಿಸದೆ ತೀರ್ಪು ಕೊಡುವಂತಾಗಬಾರದು.